ಸಪೋರ್ಟ್ ಇಲ್ಲದ ಸಂಸಾರ

ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ಇಲ್ಲ ಗುರು, ಡಿಸೆಂಬರ್ 31ಕ್ಕೆ ಸಂಸಾರದ ಕಥೆ ಮುಗೀತು. ಎಂಟು ವರ್ಷ ಹೇಗೋ ತಳ್ಳಿದ್ದಾಯ್ತು. ಇನ್ನು ಕೆಡವಿ ಹೊಸದಾಗಿ ಕಟ್ಟೋದೋ, ಬಿಟ್ಟು ಬೇರೇದಕ್ಕೆ ಹೋಗೋದೋ, ಇಲ್ಲಾ ಪಾಲು ಮಾಡ್ಕೊಂಡು ನಾನೇ ಬೇರೆ ಒಲೆ ಹೂಡೋದೋ, ಒಂದೂ ತೋಚ್ತಾ ಇಲ್ಲ."

"ಹೊಸದು ಯಾವ್ದಾದ್ರೂ ನೋಡಿಟ್ಟಿದೀಯಾ?" ಎಂದು ಆ ಕಡೆಯಿಂದ ಗೆಳೆಯ ಕೇಳಿದ.

"ಒಂದು ನೋಡಿದೀನಿ. ಹಗುರವಾಗಿದೆ, ಹೇಳಿದ ಮಾತು ಕೇಳತ್ತೆ. ಆಫೀಸಲ್ಲಿ ಹುಡುಗರೆಲ್ಲ ಅದರ ಹಿಂದೇನೇ ಇದಾರೆ."

ಪಕ್ಕದ ಕೋಣೆಯಲ್ಲಿ ನಮ್ಮ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಮಗಳ ಮನೆಗೆಂದು ಒಂದು ಚೀಲ ತೆಂಗಿನಕಾಯಿ ಹೊರಿಸಿಕೊಂಡು ಹಿಂದಿನ ದಿನವಷ್ಟೇ ತಿಪಟೂರಿನಿಂದ ಬಂದಿದ್ದರು. ಕಾಯಿ ಮುರಿಯುವ ಚಟಚಟ ಸದ್ದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಅರ್ಧ ಗಂಟೆಗೆ ತುಮಕೂರಿನಿಂದ ಭಾವಮೈದುನನ ಫೋನು. "ಭಾವ, ಆರೋಗ್ಯವಾಗಿದೀರಾ?" ಅಂದ. ಆರೋಗ್ಯ ವಿಚಾರಿಸುವವರ ದನಿ ಹಾಗಿರುವುದಿಲ್ಲ. ರಾತ್ರಿ ಎಲ್ಲರ ತಟ್ಟೆಗೂ ಅವರೆಕಾಳು ಸಾರು ಬಿತ್ತು. ನನ್ನ ತಟ್ಟೆಗೆ ಸಾರು ಮಾತ್ರ ಬಿತ್ತು, ಕಾಳು ಪಾತ್ರೆಯಲ್ಲೇ ಉಳಿಯಿತು.

ನನ್ನ ಹೆಂಡತಿಗೆ ವಿಷಯ ಗೊತ್ತಿತ್ತು. ನಾನು ಯಾವ ಸಂಸಾರದ ಮಾತಾಡುತ್ತಿದ್ದೇನೆ ಅಂತ ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೂ ಮಾರನೇ ದಿನ ಕಾಫಿ ಹೊತ್ತಿನವರೆಗೂ ಅವ್ವನಿಗೆ ಬಿಡಿಸಿ ಹೇಳದೆ ಮಜಾ ನೋಡಿದಳು. "ನೀವು ಆ ಹೆಸರು ಇಟ್ಟ ದಿನಾನೇ ಬೇಡ ಅಂದಿದ್ದೆ" ಎಂದಳು.

ಹೆಸರಿಟ್ಟದ್ದು 2013ರ ಕೊನೆಯಲ್ಲಿ. 'ಸಂಸಾರ' ಎಂದರೆ ನಮ್ಮ ಮನೆಯ ಲೆಕ್ಕ ನೋಡಿಕೊಳ್ಳಲು ನಾನೇ ಬರೆದ ಪ್ರೋಗ್ರಾಂ. ಹಾಲು, ಪೇಪರು, ಕೆಲಸದಾಕೆಯ ರಜೆ, ಸಿಲಿಂಡರ್ ಬುಕ್ ಮಾಡಿದ ತಾರೀಕು, ಅಮ್ಮನ ಬಿಪಿ ಮಾತ್ರೆ, ತಿಂಗಳ ದಿನಸಿ ಚೀಟಿ, ಎಲ್ಲ ಅದರಲ್ಲೇ. ಇಷ್ಟು ಕೆಲಸಕ್ಕೆ ಅಡುಗೆಮನೆ ಗೋಡೆಯ ಕ್ಯಾಲೆಂಡರು ಮತ್ತು ಒಂದು ಪೆನ್ಸಿಲ್ಲು ಸಾಕಾಗಿತ್ತು. ಆದರೆ ನಾನು ಸಾಫ್ಟ್‌ವೇರ್ ಎಂಜಿನಿಯರ್. ಪೆನ್ಸಿಲ್ಲಿನಲ್ಲಿ ಮುಗಿಯುವ ಕೆಲಸವನ್ನು ಪೆನ್ಸಿಲ್ಲಿನಲ್ಲಿ ಮುಗಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ಅದನ್ನು ಬರೆದದ್ದು ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ ಮೇಲೆ. ಫ್ರೇಮ್‌ವರ್ಕ್ ಎಂದರೇನು ಎಂದು ಅತ್ತೆಗೆ ಹೇಳಬೇಕಾಗಿ ಬಂದಾಗ ಇಡ್ಲಿ ಸ್ಟ್ಯಾಂಡ್ ಎದುರಿಗಿಟ್ಟು ಹೇಳಿದೆ. ಗುಳಿ ಎಷ್ಟು, ಆಕಾರ ಯಾವುದು, ಹಬೆ ಎಲ್ಲಿಂದ ಬರಬೇಕು, ಎಲ್ಲ ಅವರೇ ಮಾಡಿಟ್ಟಿರುತ್ತಾರೆ. ನಾವು ಹಿಟ್ಟು ಹುಯ್ಯುವುದಷ್ಟೇ. ಅದೂ ಓಪನ್ ಸೋರ್ಸ್, ಪುಕ್ಕಟೆ. ಹೇಗೆ ಮಾಡಿದ್ದೇವೆ ಅಂತ ಬಿಚ್ಚಿಯೂ ತೋರಿಸುತ್ತಾರೆ. "ಹಾಗಾದ್ರೆ ತೊಂದರೆ ಏನಪ್ಪ?" ಅಂದರು ಅತ್ತೆ. ಸ್ಟ್ಯಾಂಡ್ ಮಾಡುವವರು ಇನ್ನು ಮೇಲೆ ಇದರ ನಡುವಿನ ಕಡ್ಡಿ ಸಿಗುವುದಿಲ್ಲ ಅಂತ ಸಾರಿಬಿಟ್ಟಿದ್ದಾರೆ, ಅದೇ ತೊಂದರೆ ಎಂದೆ. ಅತ್ತೆ ಎದ್ದು ಸ್ಟ್ಯಾಂಡಿನ ಕಡ್ಡಿಯನ್ನು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ನನ್ನ ಮುಖ ನೋಡಿದರು.

ಆ ಫ್ರೇಮ್‌ವರ್ಕಿನ ಹುಟ್ಟೇ ಒಂದು ಪಂಥದ ಕಥೆ. ಗೂಗಲ್‌ನಲ್ಲಿ ಮಿಸ್ಕೊ ಹೆವೆರಿ ಎಂಬ ಎಂಜಿನಿಯರ್ ಇದ್ದರು. ಆರು ತಿಂಗಳು ಕೂತು ಬರೆದಿದ್ದ 17,000 ಸಾಲಿನ ಕೋಡನ್ನು, ತಾನು ಬಿಡುವಿನಲ್ಲಿ ಮಾಡಿಕೊಂಡಿದ್ದ ಚೌಕಟ್ಟಿನಲ್ಲಿ ಎರಡೇ ವಾರಕ್ಕೆ ಬರೆದು ತೋರಿಸುತ್ತೇನೆ ಅಂತ ಮ್ಯಾನೇಜರ ಹತ್ತಿರ ಪಂಥ ಕಟ್ಟಿದರು. ಮೂರು ವಾರ ಹಿಡಿಯಿತು, ಪಂಥ ಸೋತರು. ಆದರೆ 17,000 ಸಾಲು 1,500ಕ್ಕೆ ಇಳಿದಿತ್ತು. ಈ ಕಥೆ ಓದಿ ನಾನೂ ಹೆಂಡತಿಯ ಹತ್ತಿರ ಪಂಥ ಕಟ್ಟಿದೆ, ಎರಡು ಭಾನುವಾರದಲ್ಲಿ ಸಂಸಾರ ಸಿದ್ಧ ಅಂತ. ಶಿವರಾತ್ರಿ ಕಳೆಯಿತು, ಯುಗಾದಿ ಬಂತು. ಹೆವೆರಿಯವರಿಗೂ ನನಗೂ ಇರುವ ಹೋಲಿಕೆ ಪಂಥ ಸೋತಿದ್ದರಲ್ಲಿ ಮುಗಿಯುತ್ತದೆ. ನನ್ನ ಸಾಲುಗಳು ಇಳಿಯಲಿಲ್ಲ, ಏರಿದವು.

ಆದರೂ ಅದರ ಮೋಡಿ ಸಾಮಾನ್ಯದ್ದಲ್ಲ. ಇಲ್ಲಿ ಹಾಲು ಒಂದು ಲೀಟರ್ ಅಂತ ಒತ್ತಿದ ತಕ್ಷಣ ಅಲ್ಲಿ ತಿಂಗಳ ಮೊತ್ತ ತಾನಾಗಿ ಬದಲಾಗುತ್ತದೆ. ಅಲ್ಲಿ ಮುಟ್ಟಿದರೆ ಇಲ್ಲಿ. ಅತ್ತೆ ಸೊಸೆಯರ ಹಾಗೆ, ಒಬ್ಬರ ಮುಖ ಬದಲಾದರೆ ಇನ್ನೊಬ್ಬರದ್ದೂ ಬದಲಾಗಲೇಬೇಕು. ಹೀಗೆ ಒಂದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು ಬದಲಾಗುತ್ತಾ ಹೋದರೆ ಕೊನೆಯೆಲ್ಲಿ? ಅದಕ್ಕೂ ಆಂಗ್ಯುಲರ್‌ಜೆಎಸ್‌ನಲ್ಲಿ ಏರ್ಪಾಡಿದೆ. ಹತ್ತು ಸುತ್ತು ಕಾಯುತ್ತದೆ, ಅಷ್ಟರೊಳಗೆ ಎಲ್ಲವೂ ಒಂದು ನೆಲೆಗೆ ನಿಲ್ಲದಿದ್ದರೆ ಕೈಚೆಲ್ಲಿ ತಪ್ಪು ತೋರಿಸಿ ನಿಂತುಬಿಡುತ್ತದೆ. ನಾನು ಮನೆಯಲ್ಲಿ ಎರಡನೇ ಸುತ್ತಿಗೇ ಟೆರೇಸಿಗೆ ಹೋಗಿರುತ್ತೇನೆ.

ಸಂಸಾರಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಸಮ್ಮೇಳನದಲ್ಲಿ ಅದೇ ಫ್ರೇಮ್‌ವರ್ಕಿನ ತಂಡದವರು ವೇದಿಕೆ ಹತ್ತಿ, ಮುಂದಿನ ಆವೃತ್ತಿಯಲ್ಲಿ ಯಾವುದೆಲ್ಲ ಇರುವುದಿಲ್ಲ ಅಂತ ತೆರೆಯ ಮೇಲೆ ಗೋರಿಕಲ್ಲುಗಳ ಚಿತ್ರ ಹಾಕಿ ತೋರಿಸಿದರು. ನಾನು ಒಂದೊಂದೇ ಕಲ್ಲಿನ ಮೇಲಿನ ಹೆಸರು ಓದಿದೆ. ನಾಲ್ಕು ತಿಂಗಳು ನಿದ್ದೆಗೆಟ್ಟು ಕಲಿತಿದ್ದೆಲ್ಲ ಸಾಲಾಗಿ ಮಲಗಿತ್ತು. 2016ರ ಸೆಪ್ಟೆಂಬರಿನಲ್ಲಿ ಹೊಸ ಆಂಗ್ಯುಲರ್ ಬಂತು. ಹೆಸರು ಅದೇ, ಒಳಗೆ ಬೇರೆಯೇ ಜೀವ. ಮುಂದೆ 2ರಿಂದ ನೇರ 4ಕ್ಕೆ ಹಾರಿದರು, 3 ಎಂಬುದೇ ಇಲ್ಲ. ಹಳೆಯದನ್ನು 2021ರ ಜೂನ್‌ವರೆಗೆ ನೋಡಿಕೊಳ್ಳುತ್ತೇವೆ ಅಂದರು, ಕೋವಿಡ್ ಬಂದಿತೆಂದು ಆರು ತಿಂಗಳು ವಾಯಿದೆ ಕೊಟ್ಟರು. ಆ ವಾಯಿದೆ ಮುಗಿಯುವ ವಾರವೇ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದುದು.

"ಈಗ ಕೆಟ್ಟಿರೋದು ಏನು ರೀ?" ಹೆಂಡತಿ ಕೇಳಿದಳು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ. ಪ್ರಶ್ನೆಗಳೆಲ್ಲ ಕೌಂಟರಿನ ಗಾಜಿನ ಆ ಕಡೆಯಿಂದಲೇ ಬರುತ್ತವೆ.

"ಏನೂ ಕೆಟ್ಟಿಲ್ಲ."

"ಮತ್ತೆ?"

"ಸಪೋರ್ಟ್ ಇಲ್ಲ."

"ನನಗೂ ಈ ಮನೇಲಿ ಸಪೋರ್ಟ್ ಇಲ್ಲ. ಕೆಲಸ ನಿಲ್ಲಿಸಿದೀನಾ?"

ಇದಕ್ಕೆ ನನ್ನ ಆಫೀಸಿನಲ್ಲಿ ಉತ್ತರವಿದೆ, ಮನೆಯಲ್ಲಿಲ್ಲ. ಆಫೀಸಿನಲ್ಲಾದರೆ ಭದ್ರತೆ, ಅಪಾಯ, ಮುಂದಿನ ಐದು ವರ್ಷ ಎಂದೆಲ್ಲ ಬರೆದು ಮೂರು ಬಣ್ಣದ ಚಾರ್ಟ್ ತೋರಿಸುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮ ಹಾಲಿನ ಲೆಕ್ಕದ ಮೇಲೆ ಯಾವ ದೇಶದ ಹ್ಯಾಕರ್ ಕಣ್ಣಿಟ್ಟಿದ್ದಾನೆ ಅಂತ ಅವಳು ಕೇಳಿದರೆ ಯಾವ ದೇಶದ ಹೆಸರು ಹೇಳಲಿ?

ಕೆಡವಿ ಕಟ್ಟುವ ಪ್ರಯೋಗ ಅದಕ್ಕೆ ಮೊದಲೇ ಒಂದು ಸಲ ಆಗಿತ್ತು, 2020ರ ಲಾಕ್‌ಡೌನ್‌ನಲ್ಲಿ. ಅವಳು ಮಾಸ್ಕ್ ಕಟ್ಟಿಕೊಂಡು ದಿನಾ ಬ್ರಾಂಚಿಗೆ ಹೋಗುತ್ತಿದ್ದಳು. ನಾನು ಮನೆಯಲ್ಲಿ ಕೂತು ಸಂಸಾರ ಕೆಡವುತ್ತಿದ್ದೆ. ಈ ಸಲ ವ್ಯೂ ಎಂಬ ಫ್ರೇಮ್‌ವರ್ಕಿನ ಎರಡನೇ ಆವೃತ್ತಿ. ಅದನ್ನು ಮಾಡಿದ ಇವಾನ್ ಯೂ ಕೂಡ ಹಿಂದೆ ಗೂಗಲ್‌ನಲ್ಲಿದ್ದವರೇ, ಆಂಗ್ಯುಲರ್‌ನಲ್ಲಿ ತಮಗೆ ಇಷ್ಟವಾದಷ್ಟನ್ನು ಮಾತ್ರ ಇಟ್ಟುಕೊಂಡು ಹಗುರವಾದದ್ದೊಂದು ಮಾಡಲು ಹೊರಟವರು.

ಕೆಡವಿ ಕಟ್ಟಬೇಡಿ ಅಂತ ಬಲ್ಲವರು ಬಹಳ ಹಿಂದೆಯೇ ಹೇಳಿದ್ದಾರೆ. ನೆಟ್‌ಸ್ಕೇಪ್ ನೆನಪಿರಬೇಕಲ್ಲ ನಿಮಗೆ? ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂರುತ್ತಿದ್ದೆವಲ್ಲ, ಆ ಕಾಲದ ಬ್ರೌಸರು. ಅವರು ಹಳೆಯ ಕೋಡ್ ಎಸೆದು ಮೊದಲಿನಿಂದ ಬರೆಯಲು ಕೂತರು. 4ರ ನಂತರ 5 ಬರಲೇ ಇಲ್ಲ, 2000ದ ನವೆಂಬರಿನಲ್ಲಿ 6 ಬರುವಷ್ಟರಲ್ಲಿ ಊರೆಲ್ಲ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪಾಲಾಗಿತ್ತು. ಜೋಯಲ್ ಸ್ಪೋಲ್ಸ್‌ಕಿ ಅದೇ ವರ್ಷ ಬರೆದ ಲೇಖನವನ್ನು ನಮ್ಮ ವೃತ್ತಿಯವರೆಲ್ಲ ಓದಿದ್ದೇವೆ. ಹಳೆಯ ಕೋಡಿನ ಮೈಮೇಲೆ ಅಲ್ಲಲ್ಲಿ ಬೆಳೆದ ಕೂದಲು ಕಸವಲ್ಲ, ಒಂದೊಂದೂ ಯಾವತ್ತೋ ಯಾರೋ ಪರದಾಡಿ ಸರಿಪಡಿಸಿದ ದೋಷ, ಎಂಬುದು ಅದರ ಸಾರ. ನಾನೂ ಓದಿದ್ದೆ, ಹುಡುಗರಿಗೆ ಪಾಠವನ್ನೂ ಮಾಡಿದ್ದೆ.

ಈಗ ಹಳೆಯ ಸಂಸಾರದ ದಿನಸಿ ಚೀಟಿಯ ಭಾಗಕ್ಕೆ ಬನ್ನಿ. ಬೆಲ್ಲ, ಅಕ್ಕಿ, ತುಪ್ಪ ಲೆಕ್ಕ ಹಾಕುವ ಜಾಗದಲ್ಲಿ ಇದ್ದಕ್ಕಿದ್ದಂತೆ ಒಂದು ಅಂಕಿ: 33. ಎಲ್ಲಿಂದ ಬಂತು, ಏಕೆ ಬಂತು, ಒಂದೂ ಇಲ್ಲ. ಅದರ ಮೇಲೆ ಐದಾರು ತಾರೀಕುಗಳ ಒಂದು ಸಣ್ಣ ಪಟ್ಟಿ. ಪಕ್ಕದಲ್ಲಿ ನಾನೇ ಬರೆದ ಟಿಪ್ಪಣಿ, ಎರಡೇ ಮಾತು: "ಅಮ್ಮ. ಮುಟ್ಟಬೇಡ." ಹತ್ತು ನಿಮಿಷ ದಿಟ್ಟಿಸಿದೆ. ಯಾವತ್ತೋ ಪರೀಕ್ಷೆಗೆಂದು ತುರುಕಿದ ಅಂಕಿಯಿರಬೇಕು ಅನ್ನಿಸಿತು. ಅಮ್ಮ ಅಂದು ಯಾವುದಕ್ಕೋ ಬೈದಿರಬೇಕು, ಆ ಸಿಟ್ಟಿನಲ್ಲಿ ಬರೆದಿದ್ದೇನೆ ಅಂದುಕೊಂಡೆ. ಪಟ್ಟಿ ಸಮೇತ ಅಳಿಸಿದೆ. ಹೊಸ ಸಂಸಾರ ಕನ್ನಡಿಯ ಹಾಗೆ ಫಳಫಳ ಹೊಳೆಯಿತು.

2020ರ ಸೆಪ್ಟೆಂಬರ್ 18, ಶುಕ್ರವಾರ, ಅಧಿಕ ಆಶ್ವಯುಜ ಶುರು. ಅಧಿಕ ಮಾಸದಲ್ಲಿ 33 ಅಪೂಪ ದಾನ ಕೊಡುವ ಪದ್ಧತಿ ನಮ್ಮಲ್ಲಿ, ಎಂದರೆ 33 ಕಜ್ಜಾಯ. ಅಮ್ಮ ಎಣ್ಣೆ ಕಾಯಲಿಟ್ಟು, ಪಾಕ ಹಿಡಿದು, ತಟ್ಟುತ್ತಾ ಎಣಿಸುತ್ತಾ ಹೋದರು. ಹದಿನಾಲ್ಕಕ್ಕೆ ಹಿಟ್ಟು ಮುಗಿಯಿತು. ಡಬ್ಬದಲ್ಲಿ ಬೆಲ್ಲವಿಲ್ಲ. ದಾನ ತೆಗೆದುಕೊಳ್ಳಬೇಕಾದ ಭಟ್ಟರು ಮಾಸ್ಕ್ ಹಾಕಿಕೊಂಡು ಗೇಟಿನ ಹೊರಗೆ ನಿಂತಿದ್ದಾರೆ.

"ಲೋ, 2015ರಲ್ಲೂ ಬರೋಬ್ಬರಿ ಬಂದಿತ್ತು, 18ರಲ್ಲೂ ಬಂದಿತ್ತು. ನಿನ್ನ ಸಂಸಾರಕ್ಕೆ ಈಗ ಏನು ಬಡಿದಿದೆಯೋ?"

ಸಂಸಾರಕ್ಕೆ ಏನೂ ಬಡಿದಿರಲಿಲ್ಲಮ್ಮ, ನನಗೆ ಬಡಿದಿತ್ತು. ಚಪ್ಪಲಿ ಮೆಟ್ಟಿಕೊಳ್ಳದೆ ಅಂಗಡಿಗೆ ಓಡಿದೆ. ಭಟ್ಟರು ಮುಕ್ಕಾಲು ಗಂಟೆ ನಿಂತರು. ಉಳಿದ ಹತ್ತೊಂಬತ್ತು ಕಜ್ಜಾಯ ಅವಸರಕ್ಕೆ ಸ್ವಲ್ಪ ಗಟ್ಟಿಯಾದವು ಅಂತ ಅಮ್ಮ ಇವತ್ತಿಗೂ ಹೇಳುತ್ತಾರೆ, ಭಟ್ಟರಿಗಲ್ಲ, ನನಗೆ.

ಗಾಯದ ಮೇಲೆ ಬರೆ ಎಂಬಂತೆ, ಅದೇ ದಿನ ವ್ಯೂ ಮೂರನೇ ಆವೃತ್ತಿ ಬಿಡುಗಡೆಯಾಯಿತು. ನಾನು ಹೊಸದಾಗಿ ಕಟ್ಟಿದ್ದ ಎರಡನೆಯದು ಗೃಹಪ್ರವೇಶದ ತೋರಣ ಬಾಡುವ ಮುಂಚೆಯೇ ಹಳೇ ಮನೆಯಾಯಿತು. ಊಟದ ಹೊತ್ತಿಗೆ, ಹೇಗೂ ತಪ್ಪಾಗಿದೆ, ಹೊಸದಕ್ಕೇ ಹೋಗಿಬಿಡುತ್ತೇನೆ ಅಂತ ಎಲ್ಲರೆದುರು ಸಾರಿದೆ. "ಅಧಿಕ ಮಾಸದಲ್ಲಿ ಹೊಸದು ಶುರು ಮಾಡಬಾರದು" ಅಂದರು ಅಮ್ಮ. ತಂತ್ರಜ್ಞಾನದ ಬಗ್ಗೆ ನಮ್ಮ ಮನೆಯಲ್ಲಿ ಯಾರಾದರೂ ಕೊಟ್ಟ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ. ವ್ಯೂ ಎರಡಕ್ಕೂ 2023ರ ಡಿಸೆಂಬರ್ 31ಕ್ಕೆ ಸಪೋರ್ಟ್ ನಿಂತಿತು. ನಾನು ಆಗಲೇ ಹಳೆಯ ಸಂಸಾರಕ್ಕೆ, 33ಕ್ಕೆ, ವಾಪಸು ಬಂದಾಗಿತ್ತು.

ಹೀಗೆ ಒಂದು ದಾರಿ ಮುಚ್ಚಿದ ಮೇಲೆ ಉಳಿದದ್ದು ಎರಡು. ಬೇರೆಯದಕ್ಕೆ ಹೋಗುವುದು ಮೂರೇ ದಿನದಲ್ಲಿ ಮುಗಿಯಿತು. ಹೆಂಡತಿ ಯಾವುದೋ ರೆಡಿಮೇಡ್ ಲೆಕ್ಕದ ಆ್ಯಪ್ ಹಾಕಿಕೊಂಡಳು. ಹಾಲಿನ ಲೆಕ್ಕ ಬರೆಯಲು ಹೋದರೆ ಪರ್ಸನಲ್ ಲೋನ್ ಬೇಕೇ ಎಂದು ಕೇಳಿತು. ದಿನವಿಡೀ ಬ್ಯಾಂಕಿನಲ್ಲಿ ಅದೇ ಪ್ರಶ್ನೆ ಬೇರೆಯವರಿಗೆ ಕೇಳಿ ಬಂದವಳು, ಅಳಿಸಿ ಹಾಕಿದಳು.

ಉಳಿದದ್ದು ಫೋರ್ಕ್. "ಹಾಗಂದ್ರೆ ಏನೇ?" ಎಂದು ಅಮ್ಮ ಮೊಮ್ಮಗಳನ್ನು ಕೇಳಿದರು. "ಮುಳ್ಳು ಚಮಚ ಅಜ್ಜಿ." "ಅದಕ್ಕೆ ಇಷ್ಟು ಯೋಚನೆ ಯಾಕೆ, ಕೈಯಿಲ್ವಾ?" ನಾನು ವಿವರಿಸಿದೆ: ಆ ಫ್ರೇಮ್‌ವರ್ಕಿನ ಇಡೀ ಕೋಡನ್ನು ಹಾಗೇ ನನ್ನ ಹೆಸರಿಗೆ ಎತ್ತಿಕೊಳ್ಳುವುದು. ಇನ್ನು ಮೇಲೆ ಅದರ ರಿಪೇರಿ, ಉಪಚಾರ ಎಲ್ಲ ನನ್ನದೇ. ಅವರು ಕೈಬಿಟ್ಟರೇನು, ನಾನಿದ್ದೇನೆ. ಹೀಗೆ ಮಾಡಲು ಯಾರ ಅಪ್ಪಣೆಯೂ ಬೇಡ, ಎಂಐಟಿ ಲೈಸೆನ್ಸ್ ಇದೆ. ಆ ಲೈಸೆನ್ಸಿನಲ್ಲಿ ಹೇಳಿರುವುದು ಅಮ್ಮ ಪಕ್ಕದ ಮನೆಗೆ ಹೆಪ್ಪು ಕೊಡುವಾಗ ಹೇಳುವ ಮಾತೇ: ತಗೊಂಡು ಹೋಗು, ಏನು ಬೇಕಾದರೂ ಮಾಡು, ಯಾರು ಕೊಟ್ಟದ್ದು ಅನ್ನೋದು ಮರೀಬೇಡ, ಮೊಸರು ಹುಳಿಯಾದರೆ ನನ್ನ ಕೇಳಬೇಡ.

ಅಮ್ಮನಿಗೆ ತಕ್ಷಣ ಅರ್ಥವಾಯಿತು. ನಾನು ಹುಟ್ಟುವುದಕ್ಕೆ ಮುಂಚೆ ಊರಿನ ಮನೆ ಪಾಲಾದಾಗ ನಡುಮನೆಗೆ ಅಡ್ಡಗೋಡೆ ಎದ್ದಿತ್ತಂತೆ. ರುಬ್ಬುವ ಕಲ್ಲು ನಮ್ಮ ಕಡೆ, ಬಾವಿ ದೊಡ್ಡಪ್ಪನ ಕಡೆ. ದೊಡ್ಡಮ್ಮ ಇಲ್ಲಿ ಬಂದು ರುಬ್ಬುವುದು, ಅಮ್ಮ ಅಲ್ಲಿ ಹೋಗಿ ನೀರು ಸೇದುವುದು, ಇಬ್ಬರಿಗೂ ಮಾತಿಲ್ಲ. ನಮ್ಮ ಲೋಕದಲ್ಲೂ ಇದೇ ನಡೆದಿದೆ. ಒರಾಕಲ್ ಸನ್ ಕಂಪನಿಯನ್ನು ಕೊಂಡ ವರ್ಷ, 2010ರಲ್ಲಿ, ಸನ್ ಕೈಲಿದ್ದ ಓಪನ್‌ಆಫೀಸಿನ ಒಂದು ಗುಂಪು ಬೇರೆ ಒಲೆ ಹೂಡಿ ಲಿಬ್ರೆಆಫೀಸ್ ಕಟ್ಟಿತು. ಲೈಸೆನ್ಸಿನ ಕಟ್ಟಳೆ ಹೇಗಿದೆಯೆಂದರೆ ಇವರು ಅಲ್ಲಿಂದ ತಂದುಕೊಳ್ಳಬಹುದು, ಅವರು ಇಲ್ಲಿಂದ ಒಯ್ಯುವಂತಿಲ್ಲ. ಬಾವಿಯೂ ಇವರ ಕಡೆ, ಕಲ್ಲೂ ಇವರ ಕಡೆ. ನಾನು ಈ ಲೇಖನ ಟೈಪ್ ಮಾಡುತ್ತಿರುವುದು ಆ ಕವಲಿನಲ್ಲೇ, ಮೆನುವೆಲ್ಲ ಕನ್ನಡದಲ್ಲಿ ಕಾಣುತ್ತದೆ. ಮೈಎಸ್‌ಕ್ಯುಎಲ್ ಮಾಡಿದ ಮಾಂಟಿ ವಿಡೇನಿಯಸ್ ಅದಕ್ಕೆ ದೊಡ್ಡ ಮಗಳು ಮೈ ಹೆಸರಿಟ್ಟಿದ್ದರು, 2009ರಲ್ಲಿ ಅದನ್ನೇ ಕವಲೊಡೆಸಿದಾಗ ಚಿಕ್ಕ ಮಗಳು ಮರಿಯಾ ಹೆಸರಿಟ್ಟು ಮರಿಯಾಡಿಬಿ ಎಂದರು. ಇನ್ನು ನೋಡ್ ಜೆಎಸ್‌ನಿಂದ ಮುನಿಸಿಕೊಂಡು 2014ರ ಕೊನೆಯಲ್ಲಿ ಹೊರಟ ಐಓ ಜೆಎಸ್ ಇದೆಯಲ್ಲ, ಅದು ಮರುವರ್ಷದ ಸೆಪ್ಟೆಂಬರಿಗೆ ತವರಿನಿಂದ ಮರಳಿದ ಸೊಸೆಯ ಹಾಗೆ ಮನೆ ಸೇರಿತು. ಬರುವಾಗ ಬರಿಗೈಲಿ ಬರಲಿಲ್ಲ, ಮನೆಯ ಆಡಳಿತವನ್ನೇ ಬದಲಾಯಿಸಿತು.

ಇಷ್ಟೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಅಮ್ಮ ಕೈ ತೊಳೆದು ಬಂದು ಕೇಳಿದರು: "ಬೇರೆ ಒಲೆ ಹೂಡೋದು ದೊಡ್ಡದಲ್ಲ ಕಣೋ. ದಿನಾ ಬೂದಿ ಬಳಿಯೋರು ಯಾರು?"

ದೊಡ್ಡಮ್ಮ ಬೇರೆ ಹೋದ ಮೊದಲ ವಾರ ಹೊಸ ಒಲೆ, ಹೊಸ ಮಣ್ಣು, ದಿನಾ ರಂಗೋಲಿಯಂತೆ. ಮೂರನೇ ವಾರಕ್ಕೆ ಅಷ್ಟೂ ಜನಕ್ಕೆ ಒಬ್ಬಳೇ ಬೇಯಿಸಿ ಸೊಂಟ ಹಿಡಿದುಕೊಂಡಿದ್ದಳಂತೆ. ಲಿಬ್ರೆಆಫೀಸಿಗೆ ಬೂದಿ ಬಳಿಯಲು ಒಂದು ಫೌಂಡೇಶನ್ನೇ ಇದೆ, ದಿನವೂ ಕೂರುವ ಜನ ಇದ್ದಾರೆ. ನನ್ನ ಕಡೆ ಇರುವುದು ನಾನೊಬ್ಬ, ಭಾನುವಾರ ಸಂಜೆ ನಾಲ್ಕರಿಂದ ಆರು, ಅದೂ ಕ್ರಿಕೆಟ್ ಇಲ್ಲದಿದ್ದರೆ.

ಆದರೂ ಗಿಟ್‌ಹಬ್‌ಗೆ ಹೋಗಿ ಫೋರ್ಕ್ ಗುಂಡಿ ಒತ್ತಿಯೇಬಿಟ್ಟೆ. ಗೂಗಲ್‌ನಲ್ಲಿ ಹತ್ತಾರು ಜನ ವರ್ಷಗಟ್ಟಲೆ ಬೆವರು ಹರಿಸಿದ ಕೋಡ್ ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಹೆಸರಿನಡಿ ಬಂದು ಕೂತಿತು. ಅಷ್ಟು ಹೊತ್ತು ನನಗೆ ಮೈಸೂರು ಅರಮನೆಯ ಕೀಲಿಕೈ ಸಿಕ್ಕ ಸಂಭ್ರಮ. ಆಮೇಲೆ ಒಳಗೆ ಹೋಗಿ ದೀಪ ಹಾಕಿ ನೋಡಿದೆ. ಅದನ್ನು ಬಿಲ್ಡ್ ಮಾಡಲು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಹೊಸ ಉಪಕರಣ ಒಂದೂ ಒಗ್ಗದು, ಎಲ್ಲ ಹಳೆಯ ಕಾಲದವೇ ಬೇಕು. ಹಾಕಿಕೊಳ್ಳಲು ಹೋದರೆ ತೆರೆ ತುಂಬ ಹಳದಿ ಎಚ್ಚರಿಕೆಗಳು, ನಡುನಡುವೆ ಕೆಂಪು. ಬಾಗಿಲು ತೆಗೆದಷ್ಟೇ ಮೆತ್ತಗೆ ಮುಚ್ಚಿ ಬಂದೆ. ಬರುವ ಮುಂಚೆ ಒಂದು ಕೆಲಸ ಮಾಡಿದೆ: ರೀಡ್‌ಮಿ ಕಡತದ ತುದಿಯಲ್ಲಿ, ಇದರ ಮೇಂಟೇನರ್ ಇನ್ನು ಮುಂದೆ ಇಂಥವರು ಎಂದು ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದಿಟ್ಟೆ.

2022ರ ಏಪ್ರಿಲ್‌ನಲ್ಲಿ ಮೂಲದವರು ಮತ್ತೊಮ್ಮೆ ಬಂದು 1.8.3 ಎಂಬ ಆವೃತ್ತಿ ಬಿಟ್ಟು ಹೋದರು. ಅದರ ಅಡ್ಡಹೆಸರೇ ಕಟ್ಟಕಡೆಯ ವಿದಾಯ ಎಂಬರ್ಥದ್ದು. ಡಿಸೆಂಬರಿನಲ್ಲಿ ಬರ್ತೀವಿ ಅಂತ ಹೇಳಿದವರು ಗೇಟಿನ ಹತ್ತಿರ ಮೂರು ತಿಂಗಳ ಮೇಲೂ ಮಾತಾಡುತ್ತಾ ನಿಂತಿದ್ದರು ಅನ್ನಿ, ನಮ್ಮ ನೆಂಟರ ಹಾಗೆ. 2023ರಲ್ಲಿ ಹೊಸ ತೂತುಗಳು ಬೆಳಕಿಗೆ ಬಂದವು. ಅದರಲ್ಲೊಂದು ಹೀಗೆ: ವೆಬ್ ವಿಳಾಸ ತುಂಬುವ ಖಾನೆಗೆ ಬೇಕೆಂದೇ ಹೆಣೆದ ಉದ್ದನೆಯ ವಿಳಾಸ ಕೊಟ್ಟರೆ, ಸರಿಯಿದೆಯೋ ಇಲ್ಲವೋ ಅಂತ ಹಿಂದೆ ಮುಂದೆ ತಡಕುತ್ತಾ ಬ್ರೌಸರು ಕಲ್ಲಾಗಿ ಕೂತುಬಿಡುತ್ತದೆ. ದುಡ್ಡು ಕೊಟ್ಟರೆ ಇಂಥ ತೂತು ಮುಚ್ಚಿಕೊಡುವ ಕಂಪನಿಗಳಿವೆ. ಪುಕ್ಕಟೆ ಮುಚ್ಚಬೇಕಾದ ಮೇಂಟೇನರ್ ಒಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ಆ ಭಾನುವಾರ ಅವನು ತೆಂಗಿನಕಾಯಿ ಸುಲಿಯುತ್ತಿದ್ದ.

ಅತ್ತೆಗೆ ನನ್ನ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. ಈಗಲೂ ನಾನು ಫೋನಿನಲ್ಲಿ ದನಿ ತಗ್ಗಿಸಿದರೆ ಅವರ ಕೈಯ ಕೆಲಸ ನಿಲ್ಲುತ್ತದೆ. ಸಂಸಾರ 1.8.3ರ ಮೇಲೆ ನಡೆಯುತ್ತಿದೆ. 2023ರ ಅಧಿಕ ಶ್ರಾವಣಕ್ಕೆ ಬೆಲ್ಲ ಬರೋಬ್ಬರಿ ಬಂತು, 33 ಕಜ್ಜಾಯವೂ ಮೆತ್ತಗಾದವು. ಟಿಪ್ಪಣಿಯನ್ನು ಮಾತ್ರ ಕೊಂಚ ಬೆಳೆಸಿದ್ದೇನೆ: "ಅಮ್ಮ. ಅಪೂಪ ದಾನ. ನಿನ್ನಪ್ಪನಾಣೆ ಮುಟ್ಟಬೇಡ."

ನನ್ನ ಫೋರ್ಕನ್ನು ಒಮ್ಮೆ ಮಗಳು ತೆರೆದು ನೋಡಿದಳು. "ಅಪ್ಪ, ಮೇಂಟೇನರ್ ಅನ್ನೋದರಲ್ಲಿ ಒಂದು ಅಕ್ಷರ ಬಿಟ್ಟಿದೀಯ" ಅಂದಳು. ಅದರಲ್ಲಿ ಈವರೆಗೆ ನಾನು ಮಾಡಿರುವ ಬದಲಾವಣೆ ಒಟ್ಟು ಎರಡು. ಎರಡನೆಯದು ಆ ಅಕ್ಷರ.